ಮಂಜಿಯ ಬಾಳು

ಮಂಗಳೂರಿನ ಹಳೆಯ ಬಂದರಿನ ಧಕ್ಕೆಯಲ್ಲಿ ನಿಂತವರಿಗೆ ಮರದ ಒಡಲಿನ ಸಣ್ಣ ನೌಕೆಗಳು ಕಾಣಸಿಗುತ್ತವೆ. ಇವೇ ಮಂಜಿಗಳು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆದ ಮೇಲೆ, ಹೊರಗಡಲಲ್ಲಿ ಲಂಗರು ಹಾಕುತ್ತಿದ್ದ ದೊಡ್ಡ ಹಡಗುಗಳು ಅತ್ತ ಸರಿದುವು. ಮಂಜಿ ಮಾತ್ರ ಹಳೆಯ ಅಳಿವೆಯನ್ನು ಬಿಡಲಿಲ್ಲ.

ಅದರ ಹಾದಿ ಲಕ್ಷದ್ವೀಪದ್ದು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳ ಆಡಳಿತ 1956ರವರೆಗೆ ಮಂಗಳೂರಿನಿಂದಲೇ ನಡೆಯುತ್ತಿತ್ತು. ಬ್ರಿಟಿಷರ ಕಾಲದಲ್ಲಿ ದ್ವೀಪವಾಸಿಗಳು ತೆಂಗಿನ ನಾರನ್ನು ಇಲ್ಲಿಗೆ ತಂದು ಸರ್ಕಾರಕ್ಕೊಪ್ಪಿಸಿ ಅಕ್ಕಿ ಪಡೆಯುತ್ತಿದ್ದರು. ಹವಳದ ಮರಳಿನಲ್ಲಿ ತೆಂಗು ಬೆಳೆದೀತು, ಬತ್ತ ಬೆಳೆಯದು. ಇಂದಿಗೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಇಲ್ಲಿಂದಲೇ ಹೋಗುತ್ತವೆ. ಕೊಬ್ಬರಿ, ಒಣಮೀನು ಬರುತ್ತವೆ. ಅಮಿನಿಗೆ ಸುಮಾರು 300 ಕಿಲೋಮೀಟರು ದೂರ. ಯಂತ್ರವಿದ್ದರೆ ಒಂದು ಹಗಲು, ಒಂದು ರಾತ್ರಿಯ ಪಯಣ. ಹಾಯಿಯ ಕಾಲದಲ್ಲಿ ಗಾಳಿ ಹೇಳಿದಷ್ಟು ದಿನ.

ಸರಕು ತುಂಬುವುದೇ ಒಂದು ವಿದ್ಯೆ. ನನ್ನ ಬಾಲ್ಯದಲ್ಲಿ ನೆರೆಮನೆಯ ತಂಡೇಲರು ಅದನ್ನು ಎರಡೇ ಮಾತಿನಲ್ಲಿ ಕಲಿಸಿದ್ದರು: "ತಲೆಭಾರದ ಮಂಜಿ ಮಗುಚುತ್ತದೆ ಮಗಾ, ಬರಿಯ ಕಾಲುಭಾರದ್ದು ಬಿರಿಯುತ್ತದೆ." ಭಾರ ಮೇಲಿದ್ದರೆ ವಾಲಿದ ನೌಕೆ ಬೇಗ ನೆಟ್ಟಗಾಗದು. ಎಲ್ಲವೂ ತಳದಲ್ಲಿದ್ದರೆ ಒಮ್ಮೆಲೇ ಚಿಮ್ಮಿ ನಿಲ್ಲುತ್ತದೆ. ಆ ಕುಲುಕಾಟಕ್ಕೆ ಹಲಗೆಗಳ ಸಂದು ಸಡಿಲಿ ನೀರು ಜಿನುಗುತ್ತದೆ.

ಇನ್ನೊಂದು ಕಂಟಕ ಅಳಿವೆ. ನೇತ್ರಾವತಿ, ಗುರುಪುರ ನದಿಗಳು ಅಲ್ಲಿ ಕಡಲು ಸೇರುತ್ತವೆ. ಇಳಿತದ ವೇಳೆ ಹೊರನುಗ್ಗುವ ಹೊಳೆನೀರು ಒಳನುಗ್ಗುವ ತೆರೆಗೆ ಎದುರಾಗಿ, ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಒಂದು ಮೇ ತಿಂಗಳು, ವರ್ಷದ ಕೊನೆಯ ಪಯಣ ಮುಗಿಸಿ ಬಂದ ನಮ್ಮ ತಂಡೇಲರು ಅಳಿವೆಯಾಚೆಯೇ ನಿಂತುಬಿಟ್ಟರು. ಮಂಜಿಗೆ ನೀರು ಬರುತ್ತಿತ್ತು. ದಡದಲ್ಲಿ ಮನೆಮಂದಿಯೆಲ್ಲ ಕೂಗಿ ಕರೆದರೂ ಅವರು ಕದಲಲಿಲ್ಲ. ರಾತ್ರಿಯಿಡೀ ನೀರು ಮೊಗೆದು ಚೆಲ್ಲಿ, ಕೊಬ್ಬರಿಯ ಅರ್ಧವನ್ನು ಕಡಲಿಗೆಸೆದು, ಬೆಳಗಿನ ಉಬ್ಬರದೊಡನೆ ಒಳಬಂದರು. ಸರಕಿನ ಒಡೆಯರು ನಷ್ಟವನ್ನು ಎತ್ತಿ ಆಡಿದರು. ಅವರೆಂದರು: "ಎಂಟು ಮಂದಿ ಖಲಾಸಿಗಳನ್ನು ಎಣಿಸಿ ತಂದಿದ್ದೇನೆ, ಧಣಿಗಳೇ. ಕೊಬ್ಬರಿಯನ್ನು ನೀವು ಎಣಿಸಿಕೊಳ್ಳಿ."

ಮುಂಗಾರಿನ ತಿಂಗಳುಗಳಲ್ಲಿ ಮಂಜಿಗೆ ಬಿಡುವು. ಸಂದುಗಳಿಗೆ ಹತ್ತಿಯನ್ನು ಹೊಸೆದು ತುಂಬುತ್ತಾರೆ, ಮೈಗೆ ಎಣ್ಣೆ ಬಳಿಯುತ್ತಾರೆ. ಅಷ್ಟರೊಳಗೆ ದ್ವೀಪದ ಮನೆಗಳಲ್ಲಿ ಮಳೆಗಾಲದ ಅಕ್ಕಿ ತುಂಬಿರಬೇಕು. ಕೊನೆಯ ಪಯಣಕ್ಕೆ ಅಷ್ಟು ಅವಸರವೇಕೆಂದು ನನಗೆ ಅರ್ಥವಾದುದು ಬಹಳ ತಡವಾಗಿ.