ಹಳೆಯ ಮೋಟಾರು ಸೈಕಲ್ಲಿನಲ್ಲಿ ದೂರಪ್ರಯಾಣ

ನಮ್ಮ ತಾಳವಾಡಿ ಸೀಮೆಯ ವಿದ್ಯಾರ್ಥಿಗಳಿಗೆ ದಿಂಬದ ಘಾಟಿಯನ್ನು ಪರಿಚಯ ಮಾಡಿಕೊಡಬೇಕಾದ ಆವಶ್ಯಕತೆಯಿಲ್ಲ. ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳ ಕಾಡನ್ನು ಹಾದು ಬಂದ ಹೆದ್ದಾರಿಯು ದಿಂಬದಲ್ಲಿ ಬೆಟ್ಟದ ಅಂಚನ್ನು ಮುಟ್ಟಿ, ಅಲ್ಲಿಂದ 27 ಕಡಿದಾದ ತಿರುವುಗಳಲ್ಲಿ ಇಳಿದು ಬಣ್ಣಾರಿಯನ್ನು ಸೇರುತ್ತದೆ. ಈ ದಾರಿಯಲ್ಲಿ ನಿತ್ಯವೂ ಹೊಸ ಹೊಸ ವಾಹನಗಳು ಓಡಾಡುತ್ತವೆ. ಆಗೊಮ್ಮೆ ಈಗೊಮ್ಮೆ ಅವುಗಳ ನಡುವೆ ಬೇರೊಂದು ಬಗೆಯ ಸದ್ದು ಕೇಳಿಬರುತ್ತದೆ. ಇಕ್ಕೆಲಗಳಲ್ಲಿ ಎರಡು ಉದ್ದವಾದ ಹೊಗೆಕೊಳವೆಗಳು, ಮೊಟ್ಟೆಯಾಕಾರದ ಎಂಜಿನ್, ಹಿಂದೆ ತೆಳುವಾದ ನೀಲಿ ಹೊಗೆ. ಇದು ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲು. ಗುಂಡಿಯೊಂದನ್ನು ಒತ್ತಿದೊಡನೆ ಹೊರಡುವ ವಾಹನಗಳಿರುವ ಈ ಕಾಲದಲ್ಲಿ ಇಂತಹ ಹಳೆಯ ಗಾಡಿಯನ್ನೇರಿ ದೂರದ ಊರಿಗೆ ಹೋಗುವವರಿಗೆ ದೊರೆಯುವ ಸುಖವಾದರೂ ಏನು? ಈ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಈ ವಾಹನದ ಪೂರ್ವೋತ್ತರವನ್ನು ತಿಳಿಯೋಣ. ಜೆಕೊಸ್ಲೊವಾಕಿಯ ದೇಶದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟನು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಈ ವಾಹನದ ತಯಾರಿಕೆ ಮೊದಲಾಯಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆದರೂ ಅಲ್ಲಿ ತಯಾರಾದ ಗಾಡಿಗಳು ಇಂದಿಗೂ ಅನೇಕ ಮನೆಗಳಲ್ಲಿ ಬಾಳಿಕೊಂಡಿವೆ.

ಇನ್ನು ಇದರ ಎಂಜಿನ್ನಿನ ವಿಚಾರ. ಇದು ಸುಮಾರು 250 ಘನ ಸೆಂಟಿಮೀಟರು ಗಾತ್ರದ ಒಂದೇ ಸಿಲಿಂಡರುಳ್ಳ ಎಂಜಿನ್. ಈಗಿನ ಬಹುತೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ನಾಲ್ಕು ಸಲ ಚಲಿಸಿದಾಗ ಒಮ್ಮೆ ಇಂಧನವು ಉರಿಯುತ್ತದೆ. ಇದರಲ್ಲಿ ಎರಡು ಚಲನೆಗೊಮ್ಮೆ ಉರಿಯುತ್ತದೆ. ಆದುದರಿಂದಲೇ ಇದನ್ನು ಟೂ ಸ್ಟ್ರೋಕ್ ಎನ್ನುತ್ತಾರೆ. ಇದರ ಒಳಭಾಗಗಳು ಒಂದಕ್ಕೊಂದು ತಿಕ್ಕಿ ಸವೆಯದಂತೆ ಕಾಪಾಡುವ ಎಣ್ಣೆಗೆ ಪ್ರತ್ಯೇಕವಾದ ಏರ್ಪಾಡಿಲ್ಲ. ಲೀಟರು ಪೆಟ್ರೋಲಿಗೆ ಸಾಮಾನ್ಯವಾಗಿ 40 ಮಿಲಿಲೀಟರಿನಷ್ಟು ಎಣ್ಣೆಯನ್ನು ಬೆರೆಸಿ ತೊಟ್ಟಿಗೆ ಹಾಕಬೇಕು. ಪೆಟ್ರೋಲು ಹೋದೆಡೆಗೆ ಎಣ್ಣೆಯೂ ಹೋಗುತ್ತದೆ. ಪೆಟ್ರೋಲು ಹೋಗದಿದ್ದರೆ ಎಣ್ಣೆಯೂ ಹೋಗುವುದಿಲ್ಲ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಘಾಟಿಯನ್ನು ಇಳಿಯುವಾಗ ಇದರ ಪ್ರಯೋಜನ ತಿಳಿಯುವುದು.

ಹೊರಡುವ ಬೆಳಗ್ಗೆಯೇ ಗಾಡಿಯ ವಿಚಿತ್ರ ಸ್ವಭಾವಗಳು ಕಾಣತೊಡಗುತ್ತವೆ. ಪೆಟ್ರೋಲಿನ ನಲ್ಲಿಯನ್ನು ಕೈಯಿಂದ ತಿರುಗಿಸಬೇಕು. ಎಂಜಿನ್ ತಣ್ಣಗಿದ್ದರೆ ಕಾರ್ಬ್ಯುರೇಟರಿನ ಮೇಲಿರುವ ಚಿಕ್ಕ ಗುಂಡಿಯನ್ನು ಪೆಟ್ರೋಲು ಜಿನುಗುವವರೆಗೆ ಒತ್ತಬೇಕು. ಅನಂತರ ಒದೆಯಲು ಹೊರಟ ಹೊಸಬನು ಕಿಕ್ಕರ್ ಎಲ್ಲಿದೆಯೆಂದು ಹುಡುಕುತ್ತಾನೆ. ಅದು ಬೇರೆ ಇರುವುದೇ ಇಲ್ಲ! ಎಡಗಡೆಯ ಗೇರಿನ ಕಡ್ಡಿಯನ್ನೇ ಒಳಕ್ಕೆ ತಳ್ಳಿ ಮೇಲಕ್ಕೆತ್ತಿದರೆ ಅದು ಕಿಕ್ಕರ್ ಆಗುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ತಂದರೆ ಮತ್ತೆ ಗೇರಾಗುತ್ತದೆ. ಹಳೆಯ ಮಾದರಿಗಳಲ್ಲಿ ಗೇರಿನ ಕಡ್ಡಿಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುವ ಏರ್ಪಾಡೂ ಉಂಟು. ಒಂದೇ ಕಡ್ಡಿಯಿಂದ ಇಷ್ಟೊಂದು ಕೆಲಸಗಳನ್ನು ಮಾಡಿಸಿದ ಶಿಲ್ಪಿಗಳ ಜಾಣ್ಮೆಯನ್ನು ಮೆಚ್ಚಬೇಕು.

ಮೈಸೂರನ್ನು ಬಿಟ್ಟು ನಂಜನಗೂಡಿನತ್ತ ಸಾಗುವಷ್ಟರಲ್ಲಿ ಎಂಜಿನ್ ಹದವಾಗಿ ಬಿಸಿಯೇರಿ ಅದರ ಸದ್ದು ಒಂದೇ ಸಮನಾಗುತ್ತದೆ. ವೇಗವು ಗಂಟೆಗೆ 50 ಅಥವಾ 60 ಕಿಲೋಮೀಟರು ಇದ್ದರೆ ಗಾಡಿಗೂ ಹಿತ, ಸವಾರನಿಗೂ ಹಿತ. ಈ ವೇಗದಲ್ಲಿ ರಸ್ತೆಯ ಬದಿಯ ಹುಣಿಸೆಯ ಮರಗಳು, ಕಬ್ಬಿನ ಗದ್ದೆಗಳು, ಸಂತೆಗೆ ಹೊರಟ ಜನರು ಎಲ್ಲವೂ ಕಣ್ಣಿಗೆ ನಿಲುಕುತ್ತವೆ. ನಡುನಡುವೆ ಗಾಡಿಯನ್ನು ನಿಲ್ಲಿಸಿ ತಣಿಸಬೇಕಾಗುವುದರಿಂದ ಚಹದ ಅಂಗಡಿಯ ಸ್ನೇಹವೂ ಬೆಳೆಯುತ್ತದೆ. ಅಲ್ಲಿ ಕುಳಿತ ಹಿರಿಯರೊಬ್ಬರು ತಪ್ಪದೆ ಎದ್ದು ಬಂದು, “ಇದು ಯಾವ ಇಸವಿಯದು? ನಮ್ಮ ಮನೆಯಲ್ಲೂ ಒಂದಿತ್ತು” ಎಂದು ಮಾತಿಗೆ ತೊಡಗುತ್ತಾರೆ. ಹೊಸ ವಾಹನದ ಸವಾರನಿಗೆ ದುರ್ಲಭವಾದ ಆತ್ಮೀಯತೆ ಇದು.

ದಾರಿಯಲ್ಲಿ ಗಾಡಿಯು ನಿಂತರೂ ಎದೆಗುಂದಬೇಕಾಗಿಲ್ಲ. ಎಣ್ಣೆ ಬೆರೆತ ಇಂಧನವು ಉರಿಯುವುದರಿಂದ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಮಸಿ ಕಟ್ಟಿ ಕಿಡಿ ಹಾರದೆ ಹೋಗುವುದುಂಟು. ಪ್ಲಗ್ಗನ್ನು ಬಿಚ್ಚಿ, ಒರೆಸಿ, ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕಲು ಹತ್ತು ನಿಮಿಷಗಳು ಸಾಕು. ಒಂದು ಹೆಚ್ಚಿನ ಪ್ಲಗ್ಗು, ಅದನ್ನು ಬಿಚ್ಚುವ ಪಾನ, ಕ್ಲಚ್ಚಿನ ತಂತಿ, ಬಲ್ಬು, ಸ್ವಲ್ಪ ಎಣ್ಣೆ ಇವಿಷ್ಟೂ ಸವಾರನ ಚೀಲದಲ್ಲಿರಬೇಕು. ತನ್ನ ಕೈಯಿಂದಲೇ ದೋಷವನ್ನು ಕಂಡುಹಿಡಿದು ಸರಿಪಡಿಸಿ ಮುಂದೆ ಹೊರಟಾಗ ಮನಸ್ಸಿಗಾಗುವ ಸಂತೋಷವು, ಕಠಿಣವಾದ ಲೆಕ್ಕವೊಂದನ್ನು ಬಿಡಿಸಿದ ವಿದ್ಯಾರ್ಥಿಯ ಸಂತೋಷಕ್ಕೆ ಸಮಾನವಾದುದು.

ನಿಜವಾದ ಪರೀಕ್ಷೆ ಘಾಟಿಯಲ್ಲಿದೆ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಲೋಕದ ಎಣಿಕೆ. ಈ ಗಾಡಿಯ ಮಟ್ಟಿಗೆ ಇಳಿಯುವುದೇ ಹೆಚ್ಚು ಎಚ್ಚರದ ಕೆಲಸ. ಇಳಿಜಾರಿನಲ್ಲಿ ಸವಾರನು ಆಕ್ಸಿಲರೇಟರನ್ನು ಪೂರ್ತಿಯಾಗಿ ಮುಚ್ಚಿದಾಗ ಒಳಕ್ಕೆ ಪೆಟ್ರೋಲು ಹೋಗುವುದು ತೀರ ಕಡಮೆಯಾಗುತ್ತದೆ, ಅದರೊಡನೆ ಎಣ್ಣೆಯೂ ಕಡಮೆಯಾಗುತ್ತದೆ. ಆದರೆ ಚಕ್ರಗಳು ಗೇರಿನ ಮೂಲಕ ಎಂಜಿನ್ನನ್ನು ರಭಸದಿಂದ ತಿರುಗಿಸುತ್ತಲೇ ಇರುತ್ತವೆ. ಎಣ್ಣೆಯ ತೆಳುವಾದ ಪದರವು ಒಣಗಿದರೆ, ಬಿಸಿಯಿಂದ ಹಿಗ್ಗಿದ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನ ಚಕ್ರವು ಒಮ್ಮೆಲೇ ತಿರುಗದೆ ನಿಲ್ಲುತ್ತದೆ.

ಈ ಪಾಠವು ಈ ಲೇಖಕನಿಗೆ ಪುಸ್ತಕದಿಂದ ದೊರೆತುದಲ್ಲ. ಅನೇಕ ವರ್ಷಗಳ ಹಿಂದೆ ತಮ್ಮನನ್ನು ಹಿಂದೆ ಕುಳ್ಳಿರಿಸಿಕೊಂಡು ಇದೇ ಘಾಟಿಯನ್ನು ಇಳಿಯುತ್ತಿದ್ದೆನು. ಮದುವೆಯ ಮುಹೂರ್ತಕ್ಕೆ ತಡವಾಗುತ್ತಿದ್ದುದರಿಂದ ಬಯಲಿನಲ್ಲಿಯೂ ಗಾಡಿಯನ್ನು ದಣಿಸಿದ್ದೆನು. ಕೆಲವು ತಿರುವುಗಳು ಕಳೆದ ಮೇಲೆ ಎಂಜಿನ್ನಿನ ಸದ್ದಿನಲ್ಲಿ ಒಣಗಿದ ಲೋಹದ ಸಣ್ಣ ಕಿಣಿಕಿಣಿ ಸೇರಿಕೊಂಡಿತು. ಕೇಳಿಸಿತು, ಆದರೆ ಅವಸರದಲ್ಲಿ ಲಕ್ಷಿಸಲಿಲ್ಲ. ಮರುಕ್ಷಣವೇ ಹಿಂದಿನ ಚಕ್ರವು ಕಿರುಗುಟ್ಟಿ ನಿಂತು ಗಾಡಿಯು ಕಣಿವೆಯ ಬದಿಗೆ ಜಾರಿತು. ಕೈಯು ಹೇಗೋ ಕ್ಲಚ್ಚನ್ನು ಹಿಡಿಯಿತು. ಚಕ್ರವು ಬಿಡುಗಡೆ ಹೊಂದಿ ಉರುಳಿತು. ತಡೆಗೋಡೆಗೆ ಎರಡು ಮಾರು ಇರುವಾಗ ನಿಂತೆವು. ತಮ್ಮನು ಕೆಳಗಿಳಿದು, “ಅಣ್ಣಾ, ಅದು ಮೊದಲೇ ಕೂಗುತ್ತಿತ್ತಲ್ಲ, ನಿನಗೆ ಕೇಳಿಸಲಿಲ್ಲವೇ?” ಎಂದನು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಎಂಜಿನ್ ತಣಿದ ಮೇಲೆ ಮೆಲ್ಲಗೆ ಊರು ಸೇರಿದೆವು. ಮುಹೂರ್ತವಂತೂ ತಪ್ಪಿತು.

ಆದುದರಿಂದ ಇಳಿಯುವಾಗ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗಬೇಕು. ಆಗಾಗ್ಗೆ ಕ್ಲಚ್ಚನ್ನು ಹಿಡಿದು ಆಕ್ಸಿಲರೇಟರನ್ನು ಕ್ಷಣಕಾಲ ತೆರೆದು ಎಂಜಿನ್ನಿಗೆ ಎಣ್ಣೆಯುಣಿಸಬೇಕು. ಬೆರಳುಗಳು ಸದಾ ಕ್ಲಚ್ಚಿನ ಹತ್ತಿರವಿರಬೇಕು. ಇಂತಹ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ತಡೆದು ಹಿಡಿಯಲಾರದಾದ ಕಾರಣ ಭಾರವೆಲ್ಲವೂ ಬ್ರೇಕುಗಳ ಮೇಲೆ ಬೀಳುತ್ತದೆ. ಹಳೆಯ ಡ್ರಮ್ ಬ್ರೇಕುಗಳು ಕಾದಷ್ಟೂ ಅವುಗಳ ಹಿಡಿತವು ಕುಗ್ಗುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ ತಣಿಸುವುದೇ ಜಾಣತನ.

ಗುಣಗಳನ್ನು ಹೇಳಿದ ಮೇಲೆ ಅವಗುಣಗಳನ್ನು ಮುಚ್ಚಿಡುವುದು ಸರಿಯಲ್ಲ. ಈ ಎಂಜಿನ್ನಿನಲ್ಲಿ ಇಂಧನದ ಒಂದು ಭಾಗವು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ಅದು ಗಾಳಿಯನ್ನು ಕೆಡಿಸುತ್ತದೆ. 1996ರಲ್ಲಿಯೂ 2000ದಲ್ಲಿಯೂ ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಇಂತಹ ಎಂಜಿನ್ನುಗಳು ಕ್ರಮೇಣ ಹಿಂದೆ ಸರಿದುದು ನ್ಯಾಯವೇ ಆಗಿದೆ. ದಿನನಿತ್ಯದ ಓಡಾಟಕ್ಕೆ ಇದು ತಕ್ಕುದಲ್ಲ. ಇನ್ನು ಇದರ 6 ವೋಲ್ಟಿನ ದೀಪವು ಮಂಕಾದುದು. ಕತ್ತಲಾದ ಮೇಲೆ ಇದನ್ನು ನಂಬಿ ಕಾಡಿನಲ್ಲಿ ಸಾಗಬಾರದು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡಿನಲ್ಲಿ ಇರುಳು ಆನೆಗಳದು, ನಮ್ಮದಲ್ಲ.

ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ಗಾಡಿಯೊಂದು ಧೂಳು ಹಿಡಿದು ನಿಂತಿದ್ದರೆ, ತಾಯಿತಂದೆಗಳು ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಭಾನುವಾರ ಮಕ್ಕಳೊಡನೆ ಅದರ ಮುಂದೆ ಕುಳಿತುಕೊಳ್ಳಲಿ. ಪ್ಲಗ್ಗನ್ನು ಬಿಚ್ಚಿ ತೋರಿಸಲಿ, ಕಿಡಿಯು ಹಾರುವ ಸ್ಥಳವನ್ನು ತಿಳಿಸಲಿ. ವಿದ್ಯಾರ್ಥಿಗಳು ತಕ್ಕ ವಯಸ್ಸು ತುಂಬಿ, ಪರವಾನಗಿ ಪಡೆದು, ತಲೆಗೆ ಹೆಲ್ಮೆಟ್ಟು ಧರಿಸಿ ಮುಂದೊಂದು ದಿನ ಅದನ್ನು ನಡೆಸಲಿ. ಹೊಸ ವಾಹನವು ತನ್ನ ಒಳಗುಟ್ಟನ್ನೆಲ್ಲ ಮುಚ್ಚಿಟ್ಟುಕೊಂಡು ನಮ್ಮನ್ನು ಊರಿಗೆ ತಲಪಿಸುತ್ತದೆ. ಹಳೆಯ ಗಾಡಿಯು ಸದ್ದಿನಿಂದ, ವಾಸನೆಯಿಂದ, ಬಿಸಿಯಿಂದ ತನ್ನ ಸುಖದುಃಖವನ್ನು ಹೇಳಿಕೊಳ್ಳುತ್ತಲೇ ಸಾಗುತ್ತದೆ. ಅದರ ಮಾತಿಗೆ ಕಿವಿಗೊಡುವುದನ್ನು ಕಲಿತವನಿಗೆ ಪ್ರಯಾಣವೇ ಒಂದು ಆನಂದ. ಘಾಟಿಯಲ್ಲಿ ತಮ್ಮನು ಕೇಳಿದ ಪ್ರಶ್ನೆಯು ಇಂದಿಗೂ, ಗಾಡಿಯನ್ನು ಹೊರಡಿಸುವ ಪ್ರತಿಯೊಂದು ಬೆಳಗ್ಗೆಯೂ, ಈ ಲೇಖಕನ ನೆನಪಿಗೆ ಬರುತ್ತದೆ.