ಸಹಿಗೆ ಮುನ್ನ ಒಂದು ಪಾಠ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮಗುವನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಲು ಹೋದಾಗ ಶಾಲೆಯವರು ಕೇಳುವ ಕಾಗದಗಳಲ್ಲಿ ಲಸಿಕೆಯ ದಾಖಲೆಯೂ ಒಂದು. ದಡಾರ, ಪೋಲಿಯೊ, ಗಂಟಲುಮಾರಿ, ನಾಯಿಕೆಮ್ಮು ಮುಂತಾದ ರೋಗಗಳಿಗೆ ಮಗುವಿಗೆ ಲಸಿಕೆ ಆಗಿದೆ ಎಂದು ಅದರಲ್ಲಿರಬೇಕು. ಹಾಕಿಸಿಲ್ಲ, ಹಾಕಿಸುವ ಮನಸ್ಸೂ ಇಲ್ಲ ಎನ್ನುವ ತಂದೆತಾಯಿಗಳು ವಿನಾಯಿತಿ ಪತ್ರ ಕೊಡಬೇಕು. 2014ರ ಕೊನೆಯವರೆಗೂ ಅದೇನೂ ಕಷ್ಟದ ಕೆಲಸವಾಗಿರಲಿಲ್ಲ. ನಮೂನೆಯೊಂದಕ್ಕೆ ಸಹಿ ಹಾಕಿ ಶಾಲೆಗೆ ಒಪ್ಪಿಸಿದರೆ ಸಾಕಿತ್ತು. 2015ರ ಜನವರಿ 1ರಿಂದ ಆ ಸಹಿಗೆ ಮುನ್ನ ಒಂದು ಪಾಠ ಕೇಳುವುದು ಕಡ್ಡಾಯವಾಯಿತು.

ಅಂದಿನಿಂದ ವಿನಾಯಿತಿ ಬೇಕಾದವರು ತಮ್ಮ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕದ, ಆರೋಗ್ಯ ಕಚೇರಿಗೆ ಹೋಗಬೇಕು. ನರ್ಸ್ ಒಬ್ಬರ ಎದುರು ಕುಳಿತು ಯಾವ ರೋಗ ಹೇಗೆ ಹರಡುತ್ತದೆ, ಲಸಿಕೆಯಿಂದ ಏನು ಲಾಭ, ಏನು ತೊಂದರೆ ಆಗಬಹುದು ಎಂಬುದನ್ನು ಕೇಳಿಸಿಕೊಳ್ಳಬೇಕು. ಕೇಳಿದ ಮೇಲೂ ಬೇಡವೆಂದರೆ ಒತ್ತಾಯವಿಲ್ಲ. ಸರ್ಕಾರದ ನಮೂನೆಗೆ ಸಹಿ ಹಾಕಿ, ಕಚೇರಿಯ ದೃಢೀಕರಣ ಪಡೆದು ಶಾಲೆಗೆ ಕೊಡಬಹುದು. ಮಗು ಏಳನೇ ತರಗತಿಗೆ ಬಂದಾಗ, ಅಥವಾ ಬೇರೆ ಊರಿನ ಶಾಲೆಗೆ ಸೇರಿದಾಗ ಮತ್ತೆ ಇದೇ ಕೆಲಸ. ಕಾಯಿಲೆಯ ಕಾರಣಕ್ಕೆ ಲಸಿಕೆ ಹಾಕಿಸಲಾಗದ ಮಕ್ಕಳಿಗೆ ಮಾತ್ರ ಈ ಪಾಠವಿಲ್ಲ; ವೈದ್ಯರ ಪತ್ರವೇ ಸಾಕು.

ಒಂದು ವರ್ಷ ಕಳೆಯುವಷ್ಟರಲ್ಲಿ ವಿನಾಯಿತಿಗಳ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಪಾಠ ಫಲಿಸಿತು ಎಂದು ಆರೋಗ್ಯ ಇಲಾಖೆಯವರಿಗೆ ಸಂತೋಷ. ಆದರೆ ಫಲಿಸಿದ್ದು ಪಾಠವೋ, ಪಾಠಕ್ಕೆಂದು ಅಷ್ಟು ದೂರ ಬರಬೇಕಾದ ತಾಪತ್ರಯವೋ? ಈ ಪ್ರಶ್ನೆ ಅಂದಿನಿಂದಲೂ ಉಳಿದುಕೊಂಡಿದೆ.

ಶಾಲೆಗೂ ಲಸಿಕೆಗೂ ಅಮೆರಿಕದಲ್ಲಿ ಇಷ್ಟು ಬಿಗಿಯಾದ ಗಂಟು ಬಿದ್ದುದು ಹೇಗೆ ಎಂಬುದನ್ನು ತಿಳಿಯಲು ಟೆಕ್ಸರ್ಕಾನಾ ಎಂಬ ಊರಿನ ಕಥೆ ನೋಡಬೇಕು. ಈ ಊರಿನ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ರಸ್ತೆಯ ಒಂದು ಬದಿ ಟೆಕ್ಸಸ್, ಇನ್ನೊಂದು ಬದಿ ಅರ್ಕನ್ಸಾ. 1970ರ ಮಧ್ಯದಿಂದ 1971ರ ಆರಂಭದವರೆಗೆ ಇಲ್ಲಿ ದಡಾರ ಹಬ್ಬಿ 600ಕ್ಕೂ ಹೆಚ್ಚು ಮಂದಿ ಮಲಗಿದರು. ಅವರಲ್ಲಿ ಶೇಕಡಾ 95ಕ್ಕೂ ಹೆಚ್ಚು ಜನ ಟೆಕ್ಸಸ್ ಬದಿಯವರು. ಅರ್ಕನ್ಸಾದಲ್ಲಿ ಶಾಲೆಗೆ ಸೇರಲು ಲಸಿಕೆ ಕಡ್ಡಾಯವಾಗಿತ್ತು, ಟೆಕ್ಸಸ್‌ನಲ್ಲಿ ಆಗ ಅಂಥ ಕಾನೂನು ಇರಲಿಲ್ಲ. ಒಂದೇ ಅಂಗಡಿಬೀದಿ, ಒಂದೇ ಗಾಳಿ. ಆದರೂ ರೋಗ ಗಡಿ ನೋಡಿ ನಡೆದಂತಿತ್ತು. ಇಂಥ ಅನುಭವಗಳ ಬೆನ್ನಲ್ಲೇ 1980ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ ಶಾಲಾ ಲಸಿಕೆಯ ಕಾನೂನು ಬಂತು. ಇದು ಹೊಸ ವಿಚಾರವೂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಸಿಡುಬಿನ ಲಸಿಕೆಯಿಲ್ಲದ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದು 1850ರ ದಶಕದಲ್ಲಿ. ಶಾಲೆಗಳು ಹೀಗೆ ಮಾಡುವುದು ತಪ್ಪಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿತ್ತು.

ಕಾನೂನಿನ ಜೊತೆಗೇ ವಿನಾಯಿತಿಯೂ ಬಂತು. ಹೆಚ್ಚಿನ ರಾಜ್ಯಗಳು ಧರ್ಮದ ಕಾರಣಕ್ಕೆ ಬೇಡವೆನ್ನುವವರನ್ನು ಬಿಟ್ಟವು. ಇನ್ನು ಕೆಲವು, ವೈಯಕ್ತಿಕ ನಂಬಿಕೆ ಎಂದರೂ ಒಪ್ಪಿಕೊಂಡವು.

ವಿನಾಯಿತಿಯ ಈ ಕಲ್ಪನೆಗೆ ತವರು ಇಂಗ್ಲೆಂಡ್. ಅಲ್ಲಿ 1853ರಲ್ಲಿ ಕೂಸುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಯಿತು. 1867ರ ಕಾನೂನು, ಹಾಕಿಸದವರಿಗೆ ಮತ್ತೆ ಮತ್ತೆ ದಂಡ ಹಾಕಲು ಅವಕಾಶ ಕೊಟ್ಟಿತು. ದಂಡ ಕಟ್ಟಲಾಗದ ಬಡವರ ಮನೆಯ ಸಾಮಾನು ಹರಾಜಾಯಿತು, ಕೆಲವರು ಜೈಲಿಗೂ ಹೋದರು. ಸಿಟ್ಟು ಬೆಳೆದು 1885ರ ಮಾರ್ಚ್‌ನಲ್ಲಿ ಲೆಸ್ಟರ್ ಪಟ್ಟಣದಲ್ಲಿ ಹತ್ತಾರು ಸಾವಿರ ಜನರ ಮೆರವಣಿಗೆ ಹೊರಟಿತು. ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್‌ನ ಪ್ರತಿಕೃತಿಯೂ ಮಗುವಿನ ಶವಪೆಟ್ಟಿಗೆಯೂ ಅದರಲ್ಲಿದ್ದವು. ಸರ್ಕಾರ ಆಯೋಗ ನೇಮಿಸಿತು, ಆಯೋಗ ವರ್ಷಗಟ್ಟಲೆ ಕುಳಿತಿತು. ಕೊನೆಗೆ 1898ರ ಕಾನೂನಿನಲ್ಲಿ ಆತ್ಮಸಾಕ್ಷಿ ಎಂಬ ಮಾತು ಸೇರಿತು. ಲಸಿಕೆಯಿಂದ ಮಗುವಿನ ಆರೋಗ್ಯಕ್ಕೆ ಕೇಡು ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂದು ಇಬ್ಬರು ಮ್ಯಾಜಿಸ್ಟ್ರೇಟರಿಗೆ ಮನವರಿಕೆ ಮಾಡಿಕೊಟ್ಟವರಿಗೆ ವಿನಾಯಿತಿ.

ಮುಂದೆ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯಲೊಲ್ಲದವರಿಗೆ ಅಂಟಿಕೊಂಡ ಆತ್ಮಸಾಕ್ಷಿಯ ಆಕ್ಷೇಪಕರು ಎಂಬ ಹೆಸರು ಇಂಗ್ಲೆಂಡಿನಲ್ಲಿ ಮೊದಲು ಬಳಕೆಗೆ ಬಂದದ್ದು ಲಸಿಕೆ ಬೇಡವೆಂದ ಈ ತಂದೆತಾಯಿಗಳಿಗೆ. ಆ ವರ್ಷದ ಕೊನೆಯ ಹೊತ್ತಿಗೇ ಎರಡು ಲಕ್ಷಕ್ಕೂ ಹೆಚ್ಚು ವಿನಾಯಿತಿಗಳು ಹೊರಬಿದ್ದವು. ಆದರೂ ದಾರಿ ಸಲೀಸಾಗಿರಲಿಲ್ಲ. ಮನಸ್ಸಿಲ್ಲದ ಮ್ಯಾಜಿಸ್ಟ್ರೇಟರು ಅರ್ಜಿದಾರರನ್ನು ಗದರಿಸುವುದೂ, ತಾಯಿ ಬಂದರೆ ತಂದೆಯನ್ನು ಕರೆದುಕೊಂಡು ಬಾ ಎಂದು ಹಿಂದಕ್ಕೆ ಕಳಿಸುವುದೂ ನಡೆದೇ ಇತ್ತು. 1907ರಲ್ಲಿ ಈ ವಿಚಾರಣೆಯನ್ನು ತೆಗೆದು, ಬರೆದುಕೊಟ್ಟ ಘೋಷಣೆಯೇ ಸಾಕು ಎಂದಾಗ ವಿನಾಯಿತಿಗಳು ಒಮ್ಮೆಗೇ ಏರಿದವು. ಜನರ ನಂಬಿಕೆ ಒಂದೇ ವರ್ಷದಲ್ಲಿ ಅಷ್ಟು ಬದಲಾಗಿರಲಾರದು. ಬದಲಾದದ್ದು ಬಾಗಿಲ ಅಗಲ.

ಇದೇ ಮಾತನ್ನು ನೂರು ವರ್ಷಗಳ ತರುವಾಯ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಸಾದ್ ಓಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿನಾಯಿತಿ ಸುಲಭವಾಗಿ ಸಿಗುವ ರಾಜ್ಯಗಳಲ್ಲಿ ಅದನ್ನು ಪಡೆಯುವವರೂ ಹೆಚ್ಚು, ನಾಯಿಕೆಮ್ಮೂ ಉಳಿದ ಕಡೆಗಿಂತ ಸುಮಾರು ಒಂದೂವರೆ ಪಟ್ಟು. ವಿನಾಯಿತಿ ಪಡೆಯುವವರೆಲ್ಲ ಲಸಿಕೆಯ ವಿರೋಧಿಗಳೂ ಅಲ್ಲ. ಶಾಲೆ ತೆರೆಯಲು ಎರಡು ದಿನವಿದೆ, ಹಳೆಯ ಲಸಿಕೆ ಚೀಟಿ ಎಲ್ಲೋ ಕಳೆದುಹೋಗಿದೆ, ವೈದ್ಯರ ಭೇಟಿಗೆ ಮೂರು ವಾರ ಕಾಯಬೇಕು. ಎದುರಿಗೆ ಸಹಿ ಹಾಕಿದರೆ ಮುಗಿಯುವ ಕಾಗದವಿದೆ. ದುಡಿಯುವ ತಾಯಿ ಏನು ಮಾಡುತ್ತಾಳೆ? ಅನುಕೂಲದ ವಿನಾಯಿತಿ ಎಂದು ಅಲ್ಲಿನವರು ಕರೆಯುವುದು ಇದನ್ನೇ.

ಸಹಿಯನ್ನು ಸ್ವಲ್ಪ ದುಬಾರಿ ಮಾಡುವ ಉಪಾಯವಾಗಿ ಪಾಠ ಬಂತು. ವಾಷಿಂಗ್ಟನ್ ರಾಜ್ಯ 2011ರಲ್ಲಿ, ಲಸಿಕೆಯ ಒಳಿತು ಕೆಡುಕುಗಳನ್ನು ತಿಳಿಸಿ ಹೇಳಿದ್ದೇವೆ ಎಂದು ವೈದ್ಯರೋ ಇತರ ಆರೋಗ್ಯ ಸಿಬ್ಬಂದಿಯೋ ಸಹಿ ಮಾಡಬೇಕೆಂದು ವಿಧಿಸಿತು. ಅಲ್ಲಿ ವಿನಾಯಿತಿಯ ಪ್ರಮಾಣ ಸುಮಾರು ಶೇಕಡಾ 40ರಷ್ಟು ಇಳಿಯಿತು. ಕ್ಯಾಲಿಫೋರ್ನಿಯಾ 2012ರಲ್ಲಿ ಇಂಥದೇ ಕಾನೂನು ಮಾಡಿ 2014ರಿಂದ ಜಾರಿಗೆ ತಂದಿತು. 2013ರಲ್ಲಿ ಕಾನೂನು ಮಾಡಿದ ಆರೆಗಾನ್ ಮಾತ್ರ ಒಂದು ಕಿಟಕಿ ತೆರೆದಿಟ್ಟಿತು. ವೈದ್ಯರ ಬಳಿ ಹೋಗಲು ಇಷ್ಟವಿಲ್ಲದವರು ಮನೆಯಲ್ಲೇ ಕಂಪ್ಯೂಟರಿನಲ್ಲಿ ವಿಡಿಯೊ ಪಾಠ ನೋಡಿ ಪ್ರಮಾಣಪತ್ರ ಮುದ್ರಿಸಿಕೊಳ್ಳಬಹುದು. ನಿರೀಕ್ಷೆಯಂತೆ ಬಹುಪಾಲು ಜನ ಕಿಟಕಿಯನ್ನೇ ಆರಿಸಿಕೊಂಡರು. ಆರೆಗಾನ್‌ನಲ್ಲಿ ವಿನಾಯಿತಿ ಒಂದು ವರ್ಷ ಇಳಿಯಿತು, ಆಮೇಲೆ ಏರತೊಡಗಿ ಕೆಲವೇ ವರ್ಷಗಳಲ್ಲಿ ಹಳೆಯ ಮಟ್ಟವನ್ನೂ ದಾಟಿತು.

ಮಿಷಿಗನ್ ಎಲ್ಲರಿಗಿಂತ ಬಿಗಿಯಾದ ದಾರಿ ಹಿಡಿಯಿತು. ಇದಕ್ಕೆ ಒಂದು ತಕ್ಷಣದ ಹಿನ್ನೆಲೆಯೂ ಇತ್ತು. 2014ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಉತ್ತರ ಭಾಗದ ಟ್ರಾವರ್ಸ್ ಸಿಟಿಯ ಸುತ್ತ ನಾಯಿಕೆಮ್ಮು ಹರಡಿ ಶಾಲೆಯೊಂದನ್ನೇ ಕೆಲವು ದಿನ ಮುಚ್ಚಬೇಕಾಗಿ ಬಂದಿತ್ತು. ಶಾಸನಸಭೆಯಲ್ಲಿ ಹೊಸ ಕಾನೂನು ತರುವ ಗೋಜಿಗೆ ಹೋಗದೆ ಇಲಾಖೆಯ ನಿಯಮ ತಿದ್ದುವ ಮೂಲಕವೇ ಈ ಬದಲಾವಣೆ ಆಯಿತು. ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಬೆಂಗಳೂರಿನಿಂದ ಒಯ್ದ ಲಸಿಕೆ ಪುಸ್ತಕದಲ್ಲಿ ಪೋಲಿಯೊ, ದಡಾರ ಎಲ್ಲ ಇದ್ದರೂ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲದ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿರದಿದ್ದರೆ ಅಲ್ಲಿನ ಶಾಲೆ ಅದನ್ನು ಕೇಳುತ್ತದೆ.

ಪಾಠ ಹೇಳಬೇಕಾದ ನರ್ಸುಗಳ ಪಾಡು ಬೇರೆಯೇ. ಎದುರಿಗೆ ಕುಳಿತವರಲ್ಲಿ ಅನೇಕರು ಮೊದಲೇ ತೀರ್ಮಾನ ಮಾಡಿಕೊಂಡು, ಕೆಲವರು ರಜೆ ಹಾಕಿ ಬಂದ ಸಿಟ್ಟಿನಲ್ಲಿ, ಗಡಿಯಾರ ನೋಡುತ್ತ ಕುಳಿತವರು. ಈ ನರ್ಸುಗಳನ್ನು ಮಾತನಾಡಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಮನಸ್ಸು ಬದಲಿಸುವುದೇ ತಮ್ಮ ಕೆಲಸವೆಂದು ಹೊರಟವರು ಬರಬರುತ್ತಾ ಆ ಆಸೆ ಬಿಟ್ಟು, ತಂದೆತಾಯಿಗಳ ಮಾತು ಕೇಳಿಸಿಕೊಂಡು ವಿಶ್ವಾಸ ಗಳಿಸಿದರೆ ಸಾಕು ಎಂಬ ನಿಲುವಿಗೆ ಬಂದಿದ್ದರು.

ಅವರ ಅನುಭವಕ್ಕೆ ಪುರಾವೆ ಬೇರೆ ಕಡೆಯಿಂದಲೂ ಸಿಕ್ಕಿತ್ತು. ಡಾರ್ಟ್‌ಮತ್ ಕಾಲೇಜಿನ ಬ್ರೆಂಡನ್ ನೈಹನ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 1,759 ತಂದೆತಾಯಿಗಳಿದ್ದರು. ಒಂದು ಗುಂಪಿಗೆ ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂಬ ವಿವರಣೆ ಕೊಟ್ಟರು. ಇನ್ನೊಂದಕ್ಕೆ ರೋಗದ ಅಪಾಯಗಳನ್ನು ಓದಿಸಿದರು. ಮತ್ತೊಂದಕ್ಕೆ ಕಾಯಿಲೆ ಬಿದ್ದ ಮಕ್ಕಳ ಚಿತ್ರ ತೋರಿಸಿದರು. ನಾಲ್ಕನೆಯದಕ್ಕೆ ದಡಾರದಿಂದ ಸಾವಿನಂಚಿಗೆ ಹೋದ ಕೂಸಿನ ಕಥೆ ಹೇಳಿದರು. ಲಸಿಕೆ ಹಾಕಿಸುತ್ತೇವೆ ಎನ್ನುವವರ ಸಂಖ್ಯೆಯನ್ನು ಈ ನಾಲ್ಕರಲ್ಲಿ ಒಂದೂ ಹೆಚ್ಚಿಸಲಿಲ್ಲ. ವಿವರಣೆ ಓದಿದವರು ಆಟಿಸಂನ ಭಯ ಸುಳ್ಳೆಂದು ಒಪ್ಪಿದರೂ, ಅವರಲ್ಲಿ ಮೊದಲೇ ಲಸಿಕೆಯ ಬಗ್ಗೆ ಅಸಮಾಧಾನವಿದ್ದವರು ಇನ್ನಷ್ಟು ಹಿಂದೆ ಸರಿದರು. ವಾದದಲ್ಲಿ ಸೋತವನು ಎದುರಾಳಿಯ ಪಕ್ಷಕ್ಕೆ ಸೇರುತ್ತಾನೆ ಎಂದು ಯಾವ ಅರಳಿಕಟ್ಟೆಯಲ್ಲೂ ಯಾರೂ ನಂಬುವುದಿಲ್ಲವಲ್ಲ!

ಮಿಷಿಗನ್‌ನಲ್ಲಿ ಮೊದಲ ವರ್ಷ ಇಳಿದ ವಿನಾಯಿತಿ 2018ರ ಹೊತ್ತಿಗೆ ಬಹುಮಟ್ಟಿಗೆ ಮತ್ತೆ ಮೇಲೇರಿತ್ತು. ಕಚೇರಿ ಎಲ್ಲಿದೆ, ಹೇಗೆ ಹೋಗಬೇಕು ಎಂಬುದು ಜನಕ್ಕೆ ರೂಢಿಯಾಯಿತು. ಅನುಕೂಲಕ್ಕಾಗಿ ಸಹಿ ಹಾಕುತ್ತಿದ್ದವರು ಉದುರಿದರು, ಗಟ್ಟಿ ನಂಬಿಕೆಯವರು ಉಳಿದರು, ಅವರ ಸಂಖ್ಯೆ ಬೆಳೆಯಿತು. ಹಾಗಿದ್ದರೆ ಇದನ್ನು ಶಿಕ್ಷಣವೆಂದು ಕರೆಯುವುದು ಸರಿಯೇ? ಕೆಲಸ ಮಾಡಿದ್ದು ತಾಪತ್ರಯ, ಹೆಸರು ಮಾತ್ರ ಪಾಠದ್ದು ಎಂದು ಟೀಕಿಸುವವರಿದ್ದಾರೆ. ಅದರಲ್ಲಿ ಹುರುಳಿದೆ. ತಾಪತ್ರಯದ ಹೊರೆಯೂ ಎಲ್ಲರಿಗೂ ಸಮನಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ಅರ್ಧ ದಿನ ಹೋದರೆ ಸಂಬಳವೇ ಹೋಗುತ್ತದೆ. ಕಾರು, ಬಿಡುವು ಎರಡೂ ಇದ್ದವರಿಗೆ ಅದು ಒಂದು ಸಣ್ಣ ಓಡಾಟ.

ಆದರೆ ಇನ್ನೊಂದು ಬದಿಯೂ ಇದೆ. ರಕ್ತದ ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವ ಮಗುವಿಗೆ ದಡಾರದ ಲಸಿಕೆ ಕೊಡುವಂತಿಲ್ಲ. ಆ ಮಗುವಿಗೆ ಇರುವ ಕಾವಲು ಸುತ್ತ ಕುಳಿತ ಸಹಪಾಠಿಗಳ ಲಸಿಕೆ ಮಾತ್ರ. ದಡಾರದ ವೈರಸ್ಸು ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ಅದು ಹಬ್ಬದಂತೆ ತಡೆಯಲು ನೂರರಲ್ಲಿ ಸುಮಾರು 95 ಮಕ್ಕಳಿಗೆ ಲಸಿಕೆ ಆಗಿರಬೇಕು. ಕೈತಪ್ಪಿ ಹಾಕಿದ ಸಹಿಗಳನ್ನು ಅರ್ಧ ಗಂಟೆಯ ತಾಪತ್ರಯ ತಡೆಯುವುದಾದರೆ ಆ ಮಗುವಿನ ತಂದೆತಾಯಿ ಅದನ್ನು ದುಬಾರಿ ಎನ್ನಲಾರರು.

ಪಾಠದ ಮೇಲೆ ಮೊಕದ್ದಮೆಯೂ ನಡೆಯಿತು. ಡೆಟ್ರಾಯಿಟ್ ನಗರವಿರುವ ವೇಯ್ನ್ ಕೌಂಟಿಯ ಕ್ಯಾಥೊಲಿಕ್ ತಾಯಿಯೊಬ್ಬರು ಧರ್ಮದ ಕಾರಣಕ್ಕೆ ವಿನಾಯಿತಿ ಕೇಳಲು ಹೋದಾಗ, ಧಾರ್ಮಿಕ ಆಕ್ಷೇಪಗಳಿಗೆ ಏನು ಉತ್ತರ ಹೇಳಬೇಕೆಂದು ಬರೆದಿದ್ದ ಹಾಳೆಯೊಂದು ನರ್ಸುಗಳ ಬಳಿ ಇತ್ತು. ತನ್ನ ಧರ್ಮವೇನೆಂದು ಸರ್ಕಾರ ತನಗೆ ಹೇಳಿಕೊಡುವುದು ತಪ್ಪೆಂದು ಅವರು ನ್ಯಾಯಾಲಯಕ್ಕೆ ಹೋದರು. ಕೇಳಿದ ವಿನಾಯಿತಿ ಅವರಿಗೆ ಸಿಕ್ಕಿದೆ, ಒಪ್ಪದ ಮಾತು ಕಿವಿಗೆ ಬಿದ್ದ ಮಾತ್ರಕ್ಕೆ ಧರ್ಮಕ್ಕೆ ಅಡ್ಡಿಯಾಗಲಿಲ್ಲ ಎಂಬ ನಿಲುವು ತಳೆದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅವರ ವಾದವನ್ನು ತಳ್ಳಿಹಾಕಿತು. ಕಾನೂನಿನ ಲೆಕ್ಕಕ್ಕೆ ಅದು ಸರಿ. ಆದರೆ ನಂಬಿಕೆಯ ವಿಷಯದಲ್ಲಿ ಸಿದ್ಧ ಉತ್ತರದ ಹಾಳೆ ಹಿಡಿದು ಕೂರುವುದು ಮನ ಒಲಿಸುವ ರೀತಿಯೇನೂ ಅಲ್ಲ.

ಪಾಠದಿಂದ ತೃಪ್ತಿಯಾಗದ ರಾಜ್ಯಗಳು ಬಾಗಿಲನ್ನೇ ಮುಚ್ಚಿದವು. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ ಮೇಲೆ ಕ್ಯಾಲಿಫೋರ್ನಿಯಾ 2015ರಲ್ಲಿ ನಂಬಿಕೆಯ ವಿನಾಯಿತಿ ರದ್ದು ಮಾಡುವ ಕಾನೂನು ತಂದಿತು. ಕ್ಲಾರ್ಕ್ ಕೌಂಟಿಯಲ್ಲಿ 71 ಮಂದಿಗೆ ದಡಾರ ತಗುಲಿದ 2019ರಲ್ಲಿ ವಾಷಿಂಗ್ಟನ್ ರಾಜ್ಯ ದಡಾರದ ಲಸಿಕೆಯ ಮಟ್ಟಿಗೆ ವೈಯಕ್ತಿಕ ನಂಬಿಕೆಯ ವಿನಾಯಿತಿ ತೆಗೆದುಹಾಕಿತು. ಟೆಕ್ಸಸ್ ತದ್ವಿರುದ್ಧ ದಿಕ್ಕಿಗೆ ಹೊರಟಿದೆ. ಅಲ್ಲಿ ಪಾಠದ ನಿಯಮ ಇರಲಿಲ್ಲವಾದರೂ ವಿನಾಯಿತಿಯ ಅಫಿಡವಿಟ್ ನಮೂನೆಯನ್ನು ಆರೋಗ್ಯ ಇಲಾಖೆಗೆ ಕೋರಿಕೆ ಸಲ್ಲಿಸಿ ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು. 2025ರ ಆರಂಭದಲ್ಲಿ ಅದೇ ರಾಜ್ಯದ ಗೇನ್ಸ್ ಕೌಂಟಿಯಲ್ಲಿ ಶುರುವಾದ ದಡಾರಕ್ಕೆ ಲಸಿಕೆ ಹಾಕಿಸಿರದ ಇಬ್ಬರು ಮಕ್ಕಳು ಸತ್ತರು. ಆ ಸೆಪ್ಟೆಂಬರ್ ತಿಂಗಳಿಂದ ನಮೂನೆಯನ್ನು ಮನೆಯಲ್ಲೇ ಕಂಪ್ಯೂಟರಿನಿಂದ ಇಳಿಸಿಕೊಳ್ಳಲು ಟೆಕ್ಸಸ್ ಅವಕಾಶ ಮಾಡಿಕೊಟ್ಟಿತು. ಇಡೀ ದೇಶದಲ್ಲಿ 2024-25ರ ಸಾಲಿನ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಶೇಕಡಾ 3.6ರಷ್ಟು ಮಂದಿಗೆ ಯಾವುದಾದರೊಂದು ಲಸಿಕೆಯಿಂದ ವಿನಾಯಿತಿ ಇತ್ತು. ದಡಾರದ ಲಸಿಕೆ ಆದವರು ಶೇಕಡಾ 92.5 ಮಾತ್ರ.

ಮಿಷಿಗನ್‌ನ ನರ್ಸುಗಳು ಪಾಠದಲ್ಲಿ ಹೇಳುವ ವಿಷಯಗಳಲ್ಲಿ ಒಂದಕ್ಕೆ ವಾದವೂ ಬೇಕಿಲ್ಲ, ನಂಬಿಕೆಯೂ ಬೇಕಿಲ್ಲ. ಶಾಲೆಯಲ್ಲಿ ದಡಾರ ಕಾಣಿಸಿಕೊಂಡರೆ ಲಸಿಕೆಯಿಲ್ಲದ ಮಗು 21 ದಿನ ಮನೆಯಲ್ಲಿರಬೇಕಾಗುತ್ತದೆ. ಅಷ್ಟು ದಿನ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ತಂದೆತಾಯಿ ಆಗಲೇ ಯೋಚಿಸಿಕೊಳ್ಳಬಹುದು. 2025ರ ಅಕ್ಟೋಬರ್‌ನಲ್ಲಿ ಸೌತ್ ಕ್ಯಾರೊಲಿನಾದ ಎರಡು ಶಾಲೆಗಳಲ್ಲಿ ದಡಾರ ಕಂಡಾಗ ಲಸಿಕೆಯಿಲ್ಲದ ನೂರಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ಮನೆಗೆ ಕಳಿಸಲಾಯಿತು. ರೋಗ ನಿಲ್ಲಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಅಲ್ಲಿನ ಕೆಲವು ಮಕ್ಕಳಿಗೆ ಎರಡನೆಯ 21 ದಿನಗಳೂ ಬಂದವು.