ಬಾಯಾಗಿನ ಪ್ಲಾಸ್ಟಿಕ್ಕು ಎಷ್ಟು ಸುರಕ್ಷಿತ?

ಸೊಲ್ಲಾಪುರದ ವ್ಯಾಪಾರಸ್ಥರ ಮನೆಗಳಲ್ಲಷ್ಟೇ ಅಲ್ಲ, ಅಕ್ಕಲಕೋಟ ತಾಲೂಕಿನ ಒಕ್ಕಲುತನದ ಮನೆಗಳಲ್ಲೂ ಮಕ್ಕಳ ಹಲ್ಲು ನೆಟ್ಟಗೆ ಮಾಡಿಸುವುದು ಈಗ ಮಾಮೂಲು. ಮೊದಲು ತಂತಿಯ ಕ್ಲಿಪ್ಪು ಹಾಕುತ್ತಿದ್ದರು. ಈಗ ರೊಕ್ಕ ಇದ್ದವರು ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಅಲೈನರ್ ಕೇಳುತ್ತಾರೆ. ದಿನಕ್ಕೆ 20ರಿಂದ 22 ತಾಸು ಅದು ಬಾಯಲ್ಲೇ ಇರಬೇಕು. ‘ಇಷ್ಟ್ ಹೊತ್ತು ಪ್ಲಾಸ್ಟಿಕ್ ಬಾಯಾಗ ಇಟ್ಕೊಂಡ್ರ ವಿಷ ಇಳಿಯಂಗಿಲ್ಲೇನ್ರೀ?’ ಎಂದು ಸಂತೆಯಲ್ಲಿ ಕೇಳುವವರಿದ್ದಾರೆ. ಕೇಳಬೇಕಾದ ಮಾತೇ.

ಹಳಗನ್ನಡದ ಪಲ್, ಇಂದಿನ ಹಲ್ಲು, ತೆಲುಗಿನ ಪಲ್ಲು ಒಂದೇ ಬೇರಿನವು. ಆದರೆ ಪ್ಲಾಸ್ಟಿಕ್ಕುಗಳೆಲ್ಲ ಒಂದೇ ಬೇರಿನವಲ್ಲ. ಹೊಲದ ಪೈಪು ಪಿವಿಸಿ. ಅಲೈನರ್‌ಗಳು ಹೆಚ್ಚಾಗಿ ಪಾಲಿಯುರೆಥೇನ್ ಇಲ್ಲವೆ ಪಿಇಟಿಜಿ. ಇವುಗಳ ತಯಾರಿಕೆಗೆ ಬಿಸ್‌ಫಿನಾಲ್-ಎ ಬೇಕಾಗಿಲ್ಲ. ಆದರೂ ಕೆಲವು ಪರೀಕ್ಷೆಗಳಲ್ಲಿ ಅದರ ಕುರುಹು ಸಿಕ್ಕಿದೆ, ಕೆಲವದರಲ್ಲಿ ಸಿಕ್ಕಿಲ್ಲ. ಹಾರ್ಮೋನಿಗೆ ತೊಡಕು ಮಾಡುವ ರಾಸಾಯನಿಕ ಅದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಅದರ ದಿನದ ಮಿತಿಯನ್ನು 2023ರಲ್ಲಿ 20,000 ಪಟ್ಟು ಇಳಿಸಿತು. ಹೀಗಾಗಿ ‘ಕುರುಹು ಸಣ್ಣದು ಬಿಡ್ರಿ’ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಹೆದರಿ ಚಿಕಿತ್ಸೆ ಬಿಡುವ ಹಾಗೂ ಇಲ್ಲ.

ಹಲ್ಲು ಕೂಡಿದ ಮೇಲೆ ರಾತ್ರಿ ಹಾಕಿಕೊಳ್ಳುವ ರಿಟೇನರ್ ಕಥೆ ಬೇರೆ. ಗುಲಾಬಿ ಬಣ್ಣದ್ದು ಅಕ್ರಿಲಿಕ್. ಪುಡಿ, ದ್ರವ ಕಲಸಿ ಗಟ್ಟಿ ಮಾಡುತ್ತಾರೆ. ಪೂರ್ತಿ ಗಟ್ಟಿಯಾಗದೆ ಉಳಿದ ದ್ರವ, ಅಂದರೆ ಮಾನೋಮರ್, ಕೆಲವರ ಬಾಯಿಗೆ ಉರಿ, ಕೆಂಪು ತರುತ್ತದೆ. ಕಾಸಿ ಗಟ್ಟಿ ಮಾಡಿದ್ದಕ್ಕಿಂತ ತಣ್ಣಗೆ ತಾನೇ ಗಟ್ಟಿಯಾದದ್ದರಲ್ಲಿ ಇದು ಹೆಚ್ಚು ಉಳಿಯುತ್ತದೆ. ಹೊಸದನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ ಕೊಟ್ಟರೆ ಬಹಳಷ್ಟು ಇಳಿದುಹೋಗುತ್ತದೆ. ‘ನೆನಸೀರೇನ್ರೀ?’ ಎಂದು ಡಾಕ್ಟರನ್ನು ಕೇಳಲು ನಾಚಿಕೆ ಬೇಡ. ಉರಿ ಬಂದರೆ ತೆಗೆದಿಟ್ಟು ತೋರಿಸಬೇಕು.

ಬಿಸಿ ಇದಕ್ಕೆ ವೈರಿ. ಪಿಇಟಿಜಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಕುದಿಯುವ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಸುಡುವ ಚಹಾ ಕುಡಿಯುವುದು, ಮೇ ತಿಂಗಳ ಸೊಲ್ಲಾಪುರದ ಬಿಸಿಲಾಗ ಜೀಪಿನ ಮುಂದಿಟ್ಟು ಹೋಗುವುದು, ಮೂರೂ ಬೇಡ. ತಣ್ಣೀರು, ಮೆತ್ತನೆ ಬ್ರಶ್ಶು ಸಾಕು.

ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ತಂಬಾಕು ಬಾಯಿ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಅನುಮಾನವೇ ಇಲ್ಲ. ದವಡೆಗೆ ತಂಬಾಕು ಇಟ್ಟುಕೊಂಡೇ ಮಗಳ ಕ್ಲಿಪ್ಪಿನ ವಿಷದ ಬಗ್ಗೆ ವಾದ ಮಾಡುವ ಹಿರಿಯರನ್ನು ಏನೆನ್ನಬೇಕು?

ಟಪಾಲಿನಲ್ಲಿ ತರಿಸಿಕೊಳ್ಳುವ ಅಲೈನರ್ ಮಾತ್ರ ಬೇಡವೇ ಬೇಡ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಅರ್ಧ ಚಿಕಿತ್ಸೆಯಲ್ಲಿದ್ದ ಗಿರಾಕಿಗಳು ಬೀದಿಗೆ ಬಿದ್ದರು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯೊಳಗೆ ಬಂದಿವೆ. ಬೀಜದ ಚೀಲದ ಮೇಲಿನ ಚೀಟಿ ಓದಿಯೇ ಕೊಳ್ಳುವವರು ನಾವು. ಅಲೈನರಿನ ಡಬ್ಬಿಯ ಮೇಲೂ ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ನೋಡಿ, ಪಕ್ಕಾ ಬಿಲ್ ಇಸಿದುಕೊಳ್ಳಿ.